ಕೊರಿಯಾ ಕದನದ ನಡುವೆ ಕರಾವಳಿಯ ನ್ಯಾಯಮೂರ್ತಿ: ಬೆನಗಲ್ ನರಸಿಂಗ ರಾಯರು

ಬೆಳ್ಮಣ್: ಪಡುಬಿದ್ರಿಯಿಂದ ಕಾರ್ಕಳಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೆಳ್ಮಣ್ ಹೊರನೋಟಕ್ಕೆ ಕರಾವಳಿಯ ಹತ್ತಾರು ಪೇಟೆಗಳಂತೆಯೇ ಒಂದು. ದುರ್ಗಾಪರಮೇಶ್ವರಿಯ ದೇವಸ್ಥಾನ, ಚರ್ಚು, ಬಸ್ಸಿಗೆ ಕಾಯುವ ಜನ, ಸಾಲಾಗಿ ಅಂಗಡಿಗಳು. ಆದರೆ ಈ ಸೀಮೆಯ ಮನೆಗಳ ಬದುಕು ದಶಕಗಳಿಂದ ಪರದೇಶಗಳೊಂದಿಗೆ ಬೆಸೆದುಕೊಂಡಿದೆ. ಮಗ ದುಬೈಯಲ್ಲಿ, ಅಳಿಯ ಕುವೈತಿನಲ್ಲಿ, ತಮ್ಮ ಮಸ್ಕತ್ತಿನಲ್ಲಿ ಎಂಬ ಮನೆಗಳು ಇಲ್ಲಿ ವಿಶೇಷವೇನಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ನುಂಗಿದಾಗ ಮತ್ತು ಅಲ್ಲಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮಾರ್ಗವಾಗಿ ವಿಮಾನದಲ್ಲಿ ಕರೆತಂದಾಗ, ಪರದೇಶದ ಯುದ್ಧಕ್ಕೆ ದೆಹಲಿಯ ಸರಕಾರ ಏನು ಮಾಡಬೇಕು ಎಂಬುದು ಕರಾವಳಿಯಲ್ಲಿ ಮನೆಮಾತಿನ ಪ್ರಶ್ನೆಯಾಗಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಭದ್ರತಾ ಮಂಡಳಿಯಲ್ಲಿ ಭಾರತ ಯಾರ ಪರವಾಗಿಯೂ ಮತ ಹಾಕದೆ ಕುಳಿತದ್ದು ಮತ್ತೆ ಅದೇ ಪ್ರಶ್ನೆಯನ್ನು ಎಬ್ಬಿಸಿತು. ಹೀಗೆ ಕೂರುವುದು ವಿವೇಕವೋ, ಅಂಜಿಕೆಯೋ?

ಈ ಪ್ರಶ್ನೆಯನ್ನು ಸ್ವತಂತ್ರ ಭಾರತ ಮೊದಲ ಬಾರಿಗೆ ವಿಶ್ವದ ಕಣ್ಣೆದುರು ಎದುರಿಸಿದ್ದು 1950ರ ಜೂನ್ ತಿಂಗಳ ಕೊನೆಯಲ್ಲಿ, ಕೊರಿಯಾ ಯುದ್ಧ ಆರಂಭವಾದಾಗ. ಆಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಇದೇ ಕರಾವಳಿಯ ಮನೆತನಕ್ಕೆ ಸೇರಿದ ಸರ್ ಬೆನಗಲ್ ನರಸಿಂಗ ರಾಯರು. ಸಂವಿಧಾನದ ಕರಡಿನ ಪ್ರಸ್ತಾಪ ಬಂದಾಗಲೆಲ್ಲ ಅವರ ಹೆಸರು ಕೇಳಿಬರುತ್ತದೆ. ಅವರ ಬದುಕಿನ ಕೊನೆಯ ಐದು ವರ್ಷಗಳ ಕಥೆ ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ಪರಿಚಿತವಲ್ಲ. ತವರಿನವರೇ ಮರೆತ ಕಥೆ ಎಂದರೂ ತಪ್ಪಾಗದು.

ನರಸಿಂಗ ರಾಯರು ಜನಿಸಿದ್ದು 1887ರ ಫೆಬ್ರವರಿ 26ರಂದು. ಇಂದಿನ ಉಡುಪಿ, ಕಾರ್ಕಳ, ಕಾಪು ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಅಡಕವಾಗಿದ್ದ ಕಾಲವದು. ಚಿತ್ರಾಪುರ ಸಾರಸ್ವತ ಸಮುದಾಯದ ಕೊಂಕಣಿ ಮನೆಮಾತಿನ ಕುಟುಂಬ. ತಂದೆ ಬೆನಗಲ್ ರಾಘವೇಂದ್ರ ರಾಯರು ಹೆಸರಾಂತ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬಾಲಕ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗನಾಗಿ ತೇರ್ಗಡೆಯಾದ. ಮುಂದೆ ಪದವಿಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲಿಯೂ ಪ್ರಥಮ ದರ್ಜೆ. ಸಾಲದೆಂಬಂತೆ ಮರುವರ್ಷ ಗಣಿತದಲ್ಲಿಯೂ ಪ್ರಥಮ ದರ್ಜೆ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿ ಅವರ ಸಮಕಾಲೀನರಾಗಿದ್ದವರಲ್ಲಿ ಜವಾಹರಲಾಲ್ ನೆಹರೂ ಒಬ್ಬರು. ದಕ್ಷಿಣದ ಈ ವಿದ್ಯಾರ್ಥಿಯ ಅಸಾಧಾರಣ ಬುದ್ಧಿಶಕ್ತಿಯ ಬಗ್ಗೆ ನೆಹರೂ ತಮ್ಮ ತಂದೆಗೆ ಬರೆದ ಪತ್ರದಲ್ಲಿಯೂ ಪ್ರಸ್ತಾಪಿಸಿದ್ದುಂಟು. ಮುಂದೊಂದು ದಿನ ಒಬ್ಬರು ಪ್ರಧಾನಿಯಾಗಿ ದೆಹಲಿಯಲ್ಲಿಯೂ ಇನ್ನೊಬ್ಬರು ಅವರ ಪ್ರತಿನಿಧಿಯಾಗಿ ನ್ಯೂಯಾರ್ಕಿನಲ್ಲಿಯೂ ಇದ್ದುಕೊಂಡು ಒಂದೇ ಯುದ್ಧದ ಬಗ್ಗೆ ತಂತಿ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳಲಿದ್ದಾರೆ ಎಂದು ಆಗ ಯಾರು ಊಹಿಸಿದ್ದರು?

ಬೆನಗಲ್ ಸೋದರರ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ತಮ್ಮ ರಾಮ ರಾಯರು ಸಿವಿಲ್ ಸರ್ವಿಸ್ ಸೇರಿ, ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಇನ್ನೊಬ್ಬ ತಮ್ಮ ಬಿ. ಶಿವರಾಯರು ಪತ್ರಕರ್ತರು, ಸಂವಿಧಾನ ರಚನಾ ಸಭೆಯ ಸದಸ್ಯರು, 1952ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದವರು. ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿದ ಕೀರ್ತಿಯೂ ಶಿವರಾಯರದೇ. ಒಂದೇ ಮನೆಯಿಂದ ಇಷ್ಟು ಮಂದಿ ರಾಷ್ಟ್ರದ ಆಡಳಿತದ ಉನ್ನತ ಸ್ಥಾನಗಳಿಗೇರಿದ ನಿದರ್ಶನಗಳು ಕರಾವಳಿಯಲ್ಲಿಯೂ ವಿರಳ.

ನದಿಯ ವ್ಯಾಜ್ಯ, ಕಾನೂನಿನ ಅಭ್ಯಾಸ

1909ರಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಯರನ್ನು ಬಂಗಾಳಕ್ಕೆ ನಿಯುಕ್ತಿಗೊಳಿಸಲಾಯಿತು. ಕೆಲವೇ ವರ್ಷಗಳಲ್ಲಿ ಅವರು ಆಡಳಿತ ವಿಭಾಗವನ್ನು ಬಿಟ್ಟು ನ್ಯಾಯಾಂಗದ ಕಡೆಗೆ ಹೊರಳಿದರು. ಪೂರ್ವ ಬಂಗಾಳ ಹಾಗೂ ಅಸ್ಸಾಮಿನ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ, ಬಳಿಕ ಅಸ್ಸಾಂ ಸರಕಾರದ ಕಾನೂನು ವ್ಯವಹಾರಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ದುಡಿದರು. 1935ರ ಭಾರತ ಸರಕಾರ ಕಾಯಿದೆ ಬಂದಾಗ ಅದಕ್ಕೆ ಹೊಂದುವಂತೆ ದೇಶದ ಅಷ್ಟೂ ಕಾನೂನುಗಳನ್ನು ಪರಿಷ್ಕರಿಸುವ ಕೆಲಸ ಅವರ ಹೆಗಲಿಗೆ ಬಿತ್ತು. 1938ರಲ್ಲಿ ಸರ್ ಪದವಿ, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸ್ಥಾನ. ಹಿಂದೂ ಕಾನೂನಿನ ಸುಧಾರಣೆಗಾಗಿ 1941ರಲ್ಲಿ ನೇಮಕವಾದ ಸಮಿತಿಗೂ ಅವರೇ ಅಧ್ಯಕ್ಷರು.

ಮುಂದಿನ ಕಥೆಗೆ ಮುಖ್ಯವಾದದ್ದು ಆ ವರ್ಷಗಳ ಇನ್ನೊಂದು ಕೆಲಸ. ಸಿಂಧೂ ನದಿಯ ನೀರಿನ ಬಗ್ಗೆ ಕೆಳಗಿನ ಸಿಂಧ್ ಪ್ರಾಂತ್ಯ ಮೇಲಿನ ಪಂಜಾಬಿನ ವಿರುದ್ಧ ದೂರು ನೀಡಿದಾಗ ಅದನ್ನು ವಿಚಾರಿಸಲು 1941ರಲ್ಲಿ ಆಯೋಗವೊಂದನ್ನು ನೇಮಿಸಲಾಯಿತು. ಅದರ ಅಧ್ಯಕ್ಷರೂ ರಾಯರೇ. ನದಿ ಹುಟ್ಟುವ ಮೇಲ್ಗಡೆಯವನಿಗೂ ಹರಿದು ತಲುಪುವ ಕೆಳಗಡೆಯವನಿಗೂ ನೀರಿನ ಮೇಲೆ ಪೂರ್ಣ ಹಕ್ಕಿಲ್ಲ, ನದಿಯನ್ನು ಒಂದೇ ಘಟಕವೆಂದು ಪರಿಗಣಿಸಿ ನ್ಯಾಯೋಚಿತವಾಗಿ ಹಂಚಿಕೊಳ್ಳಬೇಕು ಎಂಬ ತತ್ತ್ವವನ್ನು 1942ರ ಅವರ ವರದಿ ಎತ್ತಿಹಿಡಿಯಿತು. ಕಾವೇರಿಯ ಬಗ್ಗೆ ದಶಕಗಳ ಕಾಲ ವಾದ ಕೇಳಿದ ಕನ್ನಡಿಗರಿಗೆ ಈ ಮಾತಿನ ತೂಕ ವಿವರಿಸಬೇಕಾಗಿಲ್ಲ. ಎರಡು ಕಕ್ಷಿಗಳ ನಡುವೆ ಕುಳಿತು, ಯಾವುದರ ಸಿಟ್ಟಿಗೂ ಜಗ್ಗದೆ, ಇಬ್ಬರೂ ಒಪ್ಪಬಹುದಾದ ಗೆರೆಯೊಂದನ್ನು ಹುಡುಕುವ ಅಭ್ಯಾಸವನ್ನು ಅವರು ರಾಜತಂತ್ರದ ಶಾಲೆಯಲ್ಲಿ ಕಲಿತವರಲ್ಲ. ಅದು ಕೋರ್ಟಿನಲ್ಲಿ ಬಂದದ್ದು.

1944ರಲ್ಲಿ ನಿವೃತ್ತರಾದ ಬಳಿಕ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಅಭಿಪ್ರಾಯಭೇದ ತಲೆದೋರಿ 1945ರಲ್ಲಿಯೇ ಆ ಹುದ್ದೆಯಿಂದ ಹೊರಬಂದರು. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ, ಸಂಬಳವಿಲ್ಲದ ಗೌರವ ಹುದ್ದೆಯಲ್ಲಿ, ಅವರು ಮಾಡಿದ ಕೆಲಸ ಎಲ್ಲರಿಗೂ ಗೊತ್ತಿರುವಂಥದು. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿಕೊಟ್ಟ ಮೊದಲ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಆರಂಭಿಸಿದ್ದು ಅದನ್ನೇ ಮುಂದಿಟ್ಟುಕೊಂಡು. 1949ರ ನವೆಂಬರ್ 25ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಅಂಬೇಡ್ಕರ್ ಅವರು ರಾಯರ ಋಣವನ್ನು ಮುಕ್ತವಾಗಿ ಸ್ಮರಿಸಿದರು. ನೆರೆಯ ಬರ್ಮಾ ತನ್ನ 1947ರ ಸಂವಿಧಾನವನ್ನು ರಚಿಸಿಕೊಂಡಾಗಲೂ ರಾಯರ ನೆರವು ಪಡೆದಿತ್ತು.

ಭಾನುವಾರ ಬಂದ ಯುದ್ಧ

ವಿಶ್ವಸಂಸ್ಥೆಯಲ್ಲಿ ಭಾರತದ ನಿಯೋಗಕ್ಕೆ ರಾಯರು ಸೇರಿದ್ದು 1948ರಲ್ಲಿ. ಮುಂದೆ ಅವರೇ ಅಲ್ಲಿನ ಭಾರತದ ಕಾಯಂ ಪ್ರತಿನಿಧಿಯಾದರು. 1950 ಮತ್ತು 1951ರ ಎರಡು ವರ್ಷಗಳಿಗೆ ಭಾರತ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತು. ನ್ಯೂಯಾರ್ಕಿನ ಈಗಿನ ಗಾಜಿನ ಕಟ್ಟಡ ಆಗಿನ್ನೂ ಸಿದ್ಧವಾಗಿರಲಿಲ್ಲ. ಲಾಂಗ್ ಐಲೆಂಡಿನ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧಕಾಲದಲ್ಲಿ ಶಸ್ತ್ರೋಪಕರಣಗಳನ್ನು ತಯಾರಿಸುತ್ತಿದ್ದ ಸ್ಪೆರಿ ಕಂಪನಿಯ ಕಾರ್ಖಾನೆಯಲ್ಲಿ ಮಂಡಳಿಯ ಸಭೆಗಳು ನಡೆಯುತ್ತಿದ್ದವು.

ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸುತ್ತುತ್ತದೆ. ಮೇ ತಿಂಗಳು ಫ್ರಾನ್ಸಿನದು, ಜೂನ್ ಭಾರತದ್ದು, ಜುಲೈ ನಾರ್ವೆಯದು, ಆಗಸ್ಟ್ ಸೋವಿಯತ್ ಒಕ್ಕೂಟದ್ದು. ಅಕ್ಷರಗಳ ಈ ಆಕಸ್ಮಿಕವೇ ರಾಯರನ್ನು ಇತಿಹಾಸದ ನಡುವೆ ತಂದು ಕೂರಿಸಿತು. 1950ರ ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶದ ಗಡಿರೇಖೆಯನ್ನು ದಾಟಿ ದಕ್ಷಿಣ ಕೊರಿಯಾದೊಳಕ್ಕೆ ನುಗ್ಗಿತೆಂಬ ಸುದ್ದಿ ಬಂತು. ಅಮೆರಿಕದ ಕೋರಿಕೆಯ ಮೇರೆಗೆ ಅದೇ ಮಧ್ಯಾಹ್ನ ತುರ್ತು ಸಭೆ ಸೇರಿತು.

ಆ ಸಭೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಚೀನಾದ ಸ್ಥಾನವನ್ನು ಪೀಕಿಂಗಿನ ಕಮ್ಯುನಿಸ್ಟ್ ಸರಕಾರಕ್ಕೆ ಕೊಡದೆ ಫಾರ್ಮೋಸಾಕ್ಕೆ ಓಡಿಹೋಗಿದ್ದ ಚಿಯಾಂಗ್ ಕೈ ಷೇಕ್ ಸರಕಾರದ ಪ್ರತಿನಿಧಿಯನ್ನೇ ಉಳಿಸಿಕೊಂಡದ್ದನ್ನು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಮಂಡಳಿಯನ್ನು ಬಹಿಷ್ಕರಿಸಿದ್ದರು. ಭಾರತ 1949ರ ಡಿಸೆಂಬರ್ 30ರಂದೇ ಪೀಕಿಂಗ್ ಸರಕಾರಕ್ಕೆ ಮಾನ್ಯತೆ ನೀಡಿದ್ದರಿಂದ ಈ ವಿಷಯದಲ್ಲಿ ರಾಯರ ನಿಲುವು ಅಮೆರಿಕಕ್ಕೆ ವಿರುದ್ಧವಾಗಿತ್ತು. ಆದರೆ ಆಕ್ರಮಣದ ಪ್ರಶ್ನೆ ಬೇರೆ, ಚೀನಾದ ಕುರ್ಚಿಯ ಪ್ರಶ್ನೆ ಬೇರೆ ಎಂದು ಅವರು ವಿಂಗಡಿಸಿ ನೋಡಿದರು. ಉತ್ತರ ಕೊರಿಯಾ ಯುದ್ಧ ನಿಲ್ಲಿಸಿ ತನ್ನ ಸೇನೆಯನ್ನು 38ನೇ ಅಕ್ಷಾಂಶಕ್ಕೆ ಹಿಂದೆಗೆದುಕೊಳ್ಳಬೇಕೆಂಬ ನಿರ್ಣಯಕ್ಕೆ ಒಂಬತ್ತು ಮತಗಳು ಬಿದ್ದವು. ಅವುಗಳಲ್ಲಿ ಭಾರತದ್ದೂ ಒಂದು. ವಿರೋಧ ಮತ ಒಂದೂ ಇರಲಿಲ್ಲ. ಯುಗೊಸ್ಲಾವಿಯಾ ಮಾತ್ರ ತಟಸ್ಥವಾಗುಳಿಯಿತು.

ಎರಡು ದಿನಗಳ ಬಳಿಕ, ಜೂನ್ 27ರಂದು, ಪರೀಕ್ಷೆಯ ಗಳಿಗೆ ಬಂತು. ದಕ್ಷಿಣ ಕೊರಿಯಾಕ್ಕೆ ಸದಸ್ಯ ರಾಷ್ಟ್ರಗಳು ನೆರವು ನೀಡಬೇಕೆಂದು, ಅಂದರೆ ಶಸ್ತ್ರ ಹಿಡಿದು ಹೋಗಬಹುದೆಂದು, ಶಿಫಾರಸು ಮಾಡುವ ನಿರ್ಣಯವನ್ನು ಅಮೆರಿಕ ಮಂಡಿಸಿತು. ಮಂಡಳಿ ಮತ ಹಾಕುವ ಮೊದಲೇ ಅಧ್ಯಕ್ಷ ಟ್ರೂಮನ್ ತಮ್ಮ ನೌಕಾಪಡೆ ಮತ್ತು ವಾಯುಪಡೆಗೆ ಆಜ್ಞೆ ನೀಡಿಯಾಗಿತ್ತು. ಅದರೊಂದಿಗೆ ಏಳನೇ ನೌಕಾದಳವನ್ನು ಫಾರ್ಮೋಸಾ ಕಡಲ ಕಾಲುವೆಗೂ ಕಳುಹಿಸಿದ್ದರು. ಕೊರಿಯಾದ ಜಗಳಕ್ಕೆ ಚೀನಾದ ಜಗಳವನ್ನೂ ಗಂಟು ಹಾಕಿದ ಈ ಕ್ರಮ ದೆಹಲಿಗೆ ಇಷ್ಟವಾಗಲಿಲ್ಲ. ರಾಯರ ಬಳಿ ಸರಕಾರದ ಸೂಚನೆ ಇರಲಿಲ್ಲ. ಈಜಿಪ್ಟಿನ ಪ್ರತಿನಿಧಿಯದೂ ಅದೇ ಸ್ಥಿತಿ. ಇಬ್ಬರಿಗೂ ಸೂಚನೆ ಬರಲೆಂದು ಸಂಜೆ ಐದರ ಬಳಿಕ ಸಭೆಯನ್ನು ಮುಂದೂಡಲಾಯಿತು. ಲೇಕ್ ಸಕ್ಸೆಸ್ಸಿನಲ್ಲಿ ಸಂಜೆ ಐದು ಗಂಟೆ ಎಂದರೆ ದೆಹಲಿಯಲ್ಲಿ ನಡುರಾತ್ರಿ ಕಳೆದು ಎರಡೂವರೆ. ರಾತ್ರಿ ಹತ್ತರ ನಂತರ ಸಭೆ ಮತ್ತೆ ಸೇರಿದಾಗಲೂ ಸೂಚನೆ ಬಂದಿರಲಿಲ್ಲ. ಮತದಾನ ನಡೆದೇ ಹೋಯಿತು. ಏಳು ಮತಗಳಿಂದ ನಿರ್ಣಯ ಅಂಗೀಕಾರವಾಯಿತು, ಯುಗೊಸ್ಲಾವಿಯಾ ವಿರೋಧಿಸಿತು, ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ.

ಈ ರಾತ್ರಿಯ ಮೌನವನ್ನು ಕೆಲವು ಲೇಖಕರು ಅಲಿಪ್ತ ನೀತಿಯ ಮೊದಲ ವಿಜಯವೆಂಬಂತೆ ವರ್ಣಿಸುವುದುಂಟು. ಹಾಗೆ ಹೇಳುವುದು ಉತ್ಪ್ರೇಕ್ಷೆಯೇ ಸರಿ. ಅಧ್ಯಕ್ಷ ಪೀಠದಲ್ಲಿ ಕುಳಿತ ದೇಶಕ್ಕೆ ತನ್ನ ಮನಸ್ಸು ಏನೆಂದು ಆ ಗಳಿಗೆಯಲ್ಲಿ ಹೇಳಲಾಗಲಿಲ್ಲ ಎಂಬುದು ಹೆಮ್ಮೆಯ ಸಂಗತಿಯಲ್ಲ. ಆದರೆ ರಾಯರು ತಮ್ಮ ಸ್ವಂತ ಊಹೆಯ ಮೇಲೆ ದೇಶವನ್ನು ಯುದ್ಧದ ನಿರ್ಣಯವೊಂದಕ್ಕೆ ಕಟ್ಟಿಹಾಕಲಿಲ್ಲ ಎಂಬುದನ್ನೂ ಗಮನಿಸಬೇಕು. ಜೂನ್ 29ರಂದು ಭಾರತ ಸರಕಾರ ಆ ಎರಡನೆಯ ನಿರ್ಣಯವನ್ನೂ ಒಪ್ಪಿಕೊಂಡಿತು. ಒಪ್ಪಿಕೊಳ್ಳುವಾಗಲೇ ತನ್ನ ವಿದೇಶಾಂಗ ನೀತಿ ಎಂದಿನಂತೆ ಸ್ವತಂತ್ರವಾಗಿಯೇ ಉಳಿಯುವುದೆಂದು ಪ್ರಕಟಿಸಿತು. ಅಮೆರಿಕದ ನಾಯಕತ್ವದಲ್ಲಿ ಜಂಟಿ ಸೇನಾ ಕಮಾಂಡನ್ನು ರಚಿಸುವ ಜುಲೈ 7ರ ನಿರ್ಣಯ ಬಂದಾಗ ಭಾರತ ತಟಸ್ಥವಾಗಿತ್ತು. ಈ ಬಾರಿ ಸೂಚನೆಯ ಕೊರತೆಯಿಂದಲ್ಲ, ತಿಳಿದೇ.

ಸೈನಿಕರನ್ನು ಕಳುಹಿಸಲು ಒಪ್ಪದ ಭಾರತ ವೈದ್ಯರನ್ನು ಕಳುಹಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ತುಕಡಿ 1950ರ ನವೆಂಬರಿನಲ್ಲಿ ಕೊರಿಯಾ ತಲುಪಿತು. ಕೊರೆಯುವ ಚಳಿಗಾಲದ ಹಿಮ್ಮೆಟ್ಟುವಿಕೆಯಲ್ಲಿ ಆ ತುಕಡಿ ಗಾಯಾಳುಗಳನ್ನೂ ಔಷಧಗಳನ್ನೂ ಉಳಿಸಿಕೊಂಡಿತು. 1951ರ ಮಾರ್ಚಿನಲ್ಲಿ ಮುನ್ಸಾನ್‌ನಲ್ಲಿ ಅಮೆರಿಕದ ಪಡೆಯೊಂದಿಗೆ ವಿಮಾನದಿಂದ ಧುಮುಕಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು. ಬಂದೂಕಿಲ್ಲದೆ ಯುದ್ಧಭೂಮಿಗೆ ಹೋಗುವ ಈ ಮಾದರಿ ಅಂದು ಅಮೆರಿಕದ ಪತ್ರಿಕೆಗಳಿಗೆ ಅರೆಮನಸ್ಸಿನ ನೆರವೆಂದು ತೋರಿತ್ತು. ಗಾಯಗೊಂಡವರಿಗೆ ಹಾಗೆ ತೋರಿರಲಾರದು.

ಇಬ್ಬರಿಗೂ ಒಂದೇ ಗೆರೆ

ಆಗಸ್ಟ್ ಒಂದರಂದು ಸೋವಿಯತ್ ಪ್ರತಿನಿಧಿ ಯಾಕೋವ್ ಮಲಿಕ್ ಮಂಡಳಿಗೆ ಹಿಂದಿರುಗಿದರು. ಆ ತಿಂಗಳ ಅಧ್ಯಕ್ಷತೆ ಅವರದೇ. ಯಾರನ್ನು ಕರೆಯಬೇಕು, ಯಾವ ವಿಷಯ ಮೊದಲು ಎಂಬ ಜಗಳದಲ್ಲಿಯೇ ಇಡೀ ತಿಂಗಳು ಕಳೆಯಿತು. ಈ ಗದ್ದಲದ ನಡುವೆ ಆಗಸ್ಟ್ 14ರಂದು ರಾಯರು ಒಂದು ಸಲಹೆಯನ್ನು ಮುಂದಿಟ್ಟರು. ವಿಟೋ ಅಧಿಕಾರವಿಲ್ಲದ ಆರು ಸದಸ್ಯ ರಾಷ್ಟ್ರಗಳ ಸಮಿತಿಯೊಂದು ಕುಳಿತು ಕೊರಿಯಾದ ಭವಿಷ್ಯದ ಬಗೆಗಿನ ಎಲ್ಲ ಪ್ರಸ್ತಾವನೆಗಳನ್ನೂ ಪರಿಶೀಲಿಸಲಿ ಎಂಬುದು ಅದರ ತಿರುಳು. ದೊಡ್ಡವರ ಜಗಳವನ್ನು ಸಣ್ಣವರು ಬಿಡಿಸುವ ಈ ಯೋಚನೆಗೆ ದೊಡ್ಡವರು ಒಲವು ತೋರಲಿಲ್ಲ. ಅದಕ್ಕೂ ಮೊದಲು ಜುಲೈಯಲ್ಲಿ ನೆಹರೂ ಅವರು ಸ್ಟಾಲಿನ್ ಹಾಗೂ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಇಬ್ಬರಿಗೂ ಪತ್ರ ಬರೆದು ಯುದ್ಧ ಹರಡದಂತೆ ತಡೆಯಬೇಕೆಂದು, ಚೀನಾಕ್ಕೆ ಮಂಡಳಿಯಲ್ಲಿ ಸ್ಥಾನ ದೊರೆಯಬೇಕೆಂದು ಕೋರಿದ್ದರು. ಸ್ಟಾಲಿನ್ ಸ್ವಾಗತಿಸಿದರು, ಅಚೆಸನ್ ನಿರಾಕರಿಸಿದರು. ಸೆಪ್ಟೆಂಬರಿನಲ್ಲಿ ಮಹಾಸಭೆಯಲ್ಲಿ ಚೀನಾದ ಸ್ಥಾನಕ್ಕಾಗಿ ಭಾರತ ಮಂಡಿಸಿದ ನಿರ್ಣಯಕ್ಕೆ ಬಿದ್ದ ಮತಗಳು 16, ವಿರುದ್ಧ 33.

ಸೆಪ್ಟೆಂಬರ್ 15ರಂದು ಜನರಲ್ ಮೆಕಾರ್ಥರ್ ಇಂಚಾನ್ ಬಂದರಿನಲ್ಲಿ ಸೇನೆ ಇಳಿಸಿದ ಬಳಿಕ ಯುದ್ಧದ ಗತಿಯೇ ಬದಲಾಯಿತು. ಉತ್ತರದ ಸೇನೆ ಚೆಲ್ಲಾಪಿಲ್ಲಿಯಾಗಿ ಹಿಮ್ಮೆಟ್ಟಿತು. ಈಗ ಪ್ರಶ್ನೆ ತಿರುವುಮುರುವಾಯಿತು: ಆಕ್ರಮಣಕಾರನನ್ನು ಗಡಿಯಾಚೆ ಅಟ್ಟಿದ ಮೇಲೆ, ವಿಶ್ವಸಂಸ್ಥೆಯ ಪಡೆಯೇ ಗಡಿ ದಾಟಬಹುದೇ? ಅಕ್ಟೋಬರ್ 2ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್ ಲಾಯ್ ಅವರು ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡು, ಅಮೆರಿಕದ ಸೇನೆ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂದು ಸ್ಪಷ್ಟವಾಗಿ ತಿಳಿಸಿದರು. ದೆಹಲಿಯ ಮೂಲಕ ಈ ಎಚ್ಚರಿಕೆ ಲಂಡನ್ ಮತ್ತು ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಅವರು ಚೀನಾದ ಕಡೆ ವಾಲಿದವರೆಂದು ಭಾವಿಸಿದ್ದ ಅಮೆರಿಕ ಅದನ್ನು ಬೆದರಿಕೆಯ ಬರಿಮಾತೆಂದು ತಳ್ಳಿಹಾಕಿತು.

ವಿಶ್ವಸಂಸ್ಥೆಯಲ್ಲಿ ರಾಯರು ಇದೇ ಎಚ್ಚರಿಕೆಯನ್ನು ಮುಂದಿಟ್ಟುಕೊಂಡು ಅವಸರ ಬೇಡವೆಂದು ವಾದಿಸಿದರು. ಪರಸ್ಪರ ವಿರುದ್ಧವಾದ ಪ್ರಸ್ತಾವನೆಗಳನ್ನು ಉಪಸಮಿತಿಯೊಂದಕ್ಕೆ ಒಪ್ಪಿಸಿ ಹೊಂದಾಣಿಕೆಗೆ ಯತ್ನಿಸೋಣ ಎಂಬ ಅವರ ಸೂಚನೆಗೆ ಬಹುಮತ ದೊರೆಯಲಿಲ್ಲ. ಕೊರಿಯಾದ ಏಕೀಕರಣದ ಹೆಸರಿನಲ್ಲಿ ಉತ್ತರಕ್ಕೆ ಸಾಗಲು ದಾರಿ ಮಾಡಿಕೊಟ್ಟ ನಿರ್ಣಯ ಅಕ್ಟೋಬರ್ 7ರಂದು 47 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದವು ಸೋವಿಯತ್ ಬಣದ ಐದು ರಾಷ್ಟ್ರಗಳು. ತಟಸ್ಥವಾದ ಏಳರಲ್ಲಿ ಭಾರತ ಸೇರಿತ್ತು. ಜೂನ್ ತಿಂಗಳ ಮೌನಕ್ಕೂ ಈ ತಾಟಸ್ಥ್ಯಕ್ಕೂ ಅಜಗಜಾಂತರವಿದೆ. ಇಲ್ಲಿ ಭಾರತಕ್ಕೆ ತನ್ನ ಮನಸ್ಸು ಗೊತ್ತಿತ್ತು, ಕಾರಣವನ್ನೂ ಹೇಳಿತ್ತು. ಅದೇ ತಿಂಗಳ 19ರಂದು ಚೀನೀ ಸೇನೆ ಯಾಲು ನದಿ ದಾಟಿತು. ನವೆಂಬರ್ ಅಂತ್ಯದ ಹೊತ್ತಿಗೆ ವಿಶ್ವಸಂಸ್ಥೆಯ ಪಡೆಗಳು ಹಿಮದಲ್ಲಿ ದಕ್ಷಿಣಕ್ಕೆ ಓಡುತ್ತಿದ್ದವು. ನವೆಂಬರ್ 30ರಂದು ಟ್ರೂಮನ್ ಅಣುಬಾಂಬಿನ ಬಳಕೆಯೂ ಪರಿಗಣನೆಯಲ್ಲಿದೆ ಎಂಬ ಅರ್ಥ ಬರುವಂತೆ ಪತ್ರಕರ್ತರಿಗೆ ಉತ್ತರಿಸಿದಾಗ ಜಗತ್ತು ಬೆಚ್ಚಿತು. ಹಿರೋಶಿಮಾ ನಡೆದು ಆಗಿನ್ನೂ ಐದೇ ವರ್ಷ.

ರಾಯರ ನ್ಯಾಯಬುದ್ಧಿ ಪೂರ್ತಿಯಾಗಿ ಕಾಣುವುದು ಇಲ್ಲಿಯೇ. ಡಿಸೆಂಬರ್ 5ರಂದು ಅವರ ಮುಂದಾಳುತನದಲ್ಲಿ ಏಷ್ಯಾ ಮತ್ತು ಅರಬ್ ಜಗತ್ತಿನ 13 ರಾಷ್ಟ್ರಗಳು ಚೀನಾಕ್ಕೆ ಬಹಿರಂಗ ಮನವಿ ಮಾಡಿ, 38ನೇ ಅಕ್ಷಾಂಶದ ದಕ್ಷಿಣಕ್ಕೆ ಬರಬೇಡಿ ಎಂದವು. ಎರಡು ತಿಂಗಳ ಹಿಂದೆ ಅಮೆರಿಕಕ್ಕೆ ಹೇಳಿದ್ದ ಮಾತನ್ನೇ ಈಗ ಚೀನಾಕ್ಕೆ ಹೇಳಲಾಗಿತ್ತು. ಗೆರೆ ಅದೇ, ದಾಟಲು ಹೊರಟವರು ಮಾತ್ರ ಬೇರೆ. ಇದನ್ನು ಯಾವ ಬಣದ ಬಾಲಬಡುಕತನವೆಂದು ಕರೆಯುವುದು? ಪೀಕಿಂಗಿನಿಂದ ಲೇಕ್ ಸಕ್ಸೆಸ್ಸಿಗೆ ಬಂದಿದ್ದ ಚೀನಾದ ದೂತ ವು ಅವರನ್ನು ರಾಯರು ಖಾಸಗಿಯಾಗಿ ಭೇಟಿಯಾಗಿ ಮಾತಾಡಿದರು. ಡಿಸೆಂಬರ್ 14ರಂದು ಮಹಾಸಭೆ ಆ 13 ರಾಷ್ಟ್ರಗಳ ನಿರ್ಣಯವನ್ನು ಒಪ್ಪಿ, ಕದನವಿರಾಮದ ದಾರಿ ಹುಡುಕಲು ಮೂವರ ಸಮಿತಿಯೊಂದನ್ನು ರಚಿಸಿತು. ಮಹಾಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ನರಸಿಂಗ ರಾಯರು ಅದರ ಸದಸ್ಯರು. ಪಿಯರ್ಸನ್ ಅವರಿಗೆ ಸೂಯೆಜ್ ಬಿಕ್ಕಟ್ಟಿನ ಬಳಿಕ, 1957ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಸಮಿತಿ ಸೋತಿತು. ಈ ಸಮಿತಿಯೇ ಅಕ್ರಮವೆಂದು ಚೀನಾ ಡಿಸೆಂಬರಿನಲ್ಲಿ ತಿರಸ್ಕರಿಸಿತು. 1951ರ ಜನವರಿ ಮೊದಲ ವಾರದಲ್ಲಿ ಸೋಲ್ ನಗರ ಮತ್ತೊಮ್ಮೆ ಉತ್ತರದವರ ಕೈಸೇರಿತು. ಮೂವರೂ ಪಟ್ಟು ಬಿಡದೆ ಕದನವಿರಾಮ, ಪರಕೀಯ ಸೇನೆಗಳ ಹಂತಹಂತದ ವಾಪಸಾತಿ, ಬಳಿಕ ದೊಡ್ಡ ರಾಷ್ಟ್ರಗಳ ಮಾತುಕತೆ ಎಂಬ ಐದು ತತ್ತ್ವಗಳ ಸೂತ್ರವನ್ನು ರೂಪಿಸಿದರು. ಜನವರಿ 13ರಂದು ವಿಶ್ವಸಂಸ್ಥೆಯ ರಾಜಕೀಯ ಸಮಿತಿ ಇದನ್ನು ಒಪ್ಪಿತು. ಮೊದಲು ಕದನವಿರಾಮ, ಬಳಿಕ ಮಾತುಕತೆ ಎಂಬ ಕ್ರಮ ತನಗೆ ಬೇಡವೆಂದು ಚೀನಾ 17ರಂದು ಉತ್ತರಿಸಿತು. ಅಮೆರಿಕಕ್ಕೆ ಇದೇ ಸಾಕಾಯಿತು. ಚೀನಾವನ್ನು ಆಕ್ರಮಣಕಾರನೆಂದು ಘೋಷಿಸುವ ನಿರ್ಣಯ ಫೆಬ್ರವರಿ ಒಂದರಂದು 44 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದ ಮತಗಳು ಏಳೇ ಏಳು. ಐದು ಸೋವಿಯತ್ ಬಣದವು, ಉಳಿದೆರಡು ಬರ್ಮಾ ಮತ್ತು ಭಾರತದವು. ತಟಸ್ಥವಾಗುಳಿಯುವ ಅವಕಾಶ ಇದ್ದರೂ ರಾಯರು ಈ ಬಾರಿ ಹಾಗೆ ಮಾಡಲಿಲ್ಲ. ಮಾತುಕತೆಯ ಬಾಗಿಲು ಮುಚ್ಚುವ ನಿರ್ಣಯಕ್ಕೆ ನೇರವಾಗಿ ವಿರೋಧ ಮತ ಹಾಕಿದರು.

ತೆತ್ತ ಬೆಲೆ

ಈ ನೀತಿಗೆ ಬೆಲೆಯೂ ಇತ್ತು. 1950ರ ಕೊನೆಯಲ್ಲಿ ಬರ ಮತ್ತು ನೆರೆಗಳಿಂದ ಭಾರತದಲ್ಲಿ ತೀವ್ರ ಆಹಾರದ ಅಭಾವ ತಲೆದೋರಿತ್ತು. ಬಿಹಾರ ಮತ್ತು ಮದ್ರಾಸ್ ಪ್ರಾಂತ್ಯಗಳು ಅತಿ ಹೆಚ್ಚು ತೊಂದರೆಗೊಳಗಾಗಿದ್ದವು. ನಮ್ಮ ಜಿಲ್ಲೆ ಆಗ ಮದ್ರಾಸಿನ ಭಾಗವೇ ಆಗಿತ್ತು ಎಂಬುದನ್ನು ನೆನಪಿಡಬೇಕು. ಇಪ್ಪತ್ತು ಲಕ್ಷ ಟನ್ ಧಾನ್ಯಕ್ಕಾಗಿ ಭಾರತ ಅಮೆರಿಕದ ಮುಂದೆ ಕೈಚಾಚಿತು. ಲೇಕ್ ಸಕ್ಸೆಸ್ಸಿನಲ್ಲಿ ತಮ್ಮ ವಿರುದ್ಧ ಮತ ಹಾಕುವವರಿಗೆ ಗೋಧಿ ಏಕೆ ಕೊಡಬೇಕು ಎಂಬ ಗೊಣಗಾಟ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಎದ್ದಿತು. ಮಸೂದೆ ತಿಂಗಳುಗಟ್ಟಲೆ ನೆನೆಗುದಿಗೆ ಬಿದ್ದು, ಕೊನೆಗೆ 1951ರ ಜೂನಿನಲ್ಲಿ 19 ಕೋಟಿ ಡಾಲರಿನ ಸಾಲದ ರೂಪದಲ್ಲಿ ಧಾನ್ಯ ದೊರೆಯಿತು. ಹೊಟ್ಟೆಗಿಲ್ಲದ ದೇಶವೊಂದು ತನ್ನ ಮತವನ್ನು ಧಾನ್ಯಕ್ಕೆ ಮಾರಲಿಲ್ಲ ಎಂಬುದು ಸಣ್ಣ ಮಾತಲ್ಲ.

ಇನ್ನೊಂದು ಬೆಲೆಯ ಬಗ್ಗೆ ಇಷ್ಟು ನಿರಾಳವಾಗಿ ಬರೆಯಲಾಗದು. 1950ರ ಅಕ್ಟೋಬರಿನಲ್ಲಿಯೇ ಚೀನೀ ಸೇನೆ ಪೂರ್ವ ಟಿಬೆಟಿನ ಚಾಮ್ಡೊವನ್ನು ವಶಪಡಿಸಿಕೊಂಡಿತು. ಟಿಬೆಟ್ ವಿಶ್ವಸಂಸ್ಥೆಯ ಮೊರೆಹೊಕ್ಕಾಗ ಅದರ ಪರವಾಗಿ ದನಿಯೆತ್ತಿದ್ದು ದೂರದ ಎಲ್ ಸಾಲ್ವಡಾರ್. ನವೆಂಬರ್ 24ರಂದು ವಿಷಯ ಚರ್ಚೆಗೆ ಬಂದಾಗ, ಶಾಂತಿಯುತ ಇತ್ಯರ್ಥದ ಭರವಸೆ ಇದೆಯೆಂದು ಹೇಳಿ ಚರ್ಚೆಯನ್ನು ಮುಂದೂಡುವ ಪರವಾಗಿ ನಿಂತದ್ದು ಭಾರತ. ಭಾರತದ ಪರವಾಗಿ ಅಂದು ಮಾತನಾಡಿದವರು ನವಾನಗರದ ಜಾಮ್‌ಸಾಹೇಬರು. ಆದರೂ ನಿಯೋಗದ ಹಿರಿಯ ಸದಸ್ಯರಾಗಿದ್ದ ರಾಯರನ್ನು ಆ ನಿಲುವಿನಿಂದ ಪೂರ್ತಿ ಬೇರ್ಪಡಿಸಿ ನೋಡಲಾಗದು. ಕೊರಿಯಾದಲ್ಲಿ ಚೀನಾದೊಂದಿಗೆ ಮಾತುಕತೆಯ ಎಳೆ ಕಡಿಯಬಾರದೆಂಬ ಕಾಳಜಿ ಟಿಬೆಟಿನ ವಿಷಯದಲ್ಲಿ ನಾಲಿಗೆಯನ್ನು ಕಟ್ಟಿಹಾಕಿತೆಂಬ ಟೀಕೆಯಲ್ಲಿ ಹುರುಳಿದೆ. ಮಧ್ಯಸ್ಥಗಾರನಾಗಬಯಸುವವನು ಕೆಲವೊಮ್ಮೆ ತನ್ನ ಹಿತ್ತಿಲಿನ ಬೇಲಿಯನ್ನೇ ಮರೆಯುತ್ತಾನೆ. 1962ರ ಬಳಿಕ ಈ ಮರೆವು ದೇಶವನ್ನು ಬಹುಕಾಲ ಕಾಡಿತು.

ರಾಯರು ಎರಡೂ ಬಣಗಳಿಂದ ಬೈಗುಳ ತಿಂದರು, ಎರಡೂ ಬಣಗಳ ಗೌರವವನ್ನೂ ಉಳಿಸಿಕೊಂಡರು. ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಅವರ ಹೆಸರು ಕೇಳಿಬಂದದ್ದೂ ಈ ಅವಧಿಯಲ್ಲಿಯೇ. 1952ರ ಫೆಬ್ರವರಿಯಲ್ಲಿ ಅವರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಆ ಪೀಠಕ್ಕೆ ಆಯ್ಕೆಯಾದ ಮೊದಲ ಭಾರತೀಯರು ಅವರು. ಅಲ್ಲಿ ಬಂದ ಮೊದಲ ಮುಖ್ಯ ಪ್ರಕರಣಗಳಲ್ಲಿ ಒಂದು ಇರಾನಿನ ತೈಲ ರಾಷ್ಟ್ರೀಕರಣಕ್ಕೆ ಸಂಬಂಧಿಸಿದ ಬ್ರಿಟನ್ ಮತ್ತು ಇರಾನಿನ ವ್ಯಾಜ್ಯ. ಇದೇ ವಿಷಯ ಭದ್ರತಾ ಮಂಡಳಿಯಲ್ಲಿ ಚರ್ಚೆಗೆ ಬಂದಾಗ ತಾವು ಭಾರತದ ಪ್ರತಿನಿಧಿಯಾಗಿ ಕುಳಿತಿದ್ದರಿಂದ ಈಗ ನ್ಯಾಯಾಧೀಶನಾಗಿ ಕೂರುವುದು ತರವಲ್ಲವೆಂದು ಅವರು ಆ ಪ್ರಕರಣದಿಂದ ಹಿಂದೆ ಸರಿದರು. ಲೇಕ್ ಸಕ್ಸೆಸ್ಸಿನಲ್ಲಿ ಅವರು ಹೇಗಿದ್ದರೆಂದು ತಿಳಿಯಲು ಈ ಒಂದು ಸಂಗತಿ ಸಾಕು.

ಅತ್ತ ಕೊರಿಯಾದಲ್ಲಿ ಕದನವಿರಾಮದ ಮಾತುಕತೆ ಎರಡು ವರ್ಷ ಎಳೆಯಿತು. ಕೊನೆಯ ತೊಡಕು ಯುದ್ಧಕೈದಿಗಳದು: ತಾಯ್ನಾಡಿಗೆ ಮರಳಲು ಒಪ್ಪದ ಕೈದಿಗಳನ್ನು ಏನು ಮಾಡುವುದು? 1952ರ ಡಿಸೆಂಬರಿನಲ್ಲಿ ಮಹಾಸಭೆ ಒಪ್ಪಿದ, ವಿ.ಕೆ. ಕೃಷ್ಣ ಮೆನನ್ ಅವರು ರೂಪಿಸಿದ ಭಾರತದ ನಿರ್ಣಯವೇ ಪರಿಹಾರಕ್ಕೆ ತಳಹದಿಯಾಯಿತು. 1953ರ ಜುಲೈ 27ರಂದು ಪಾನ್‌ಮುಂಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಮೂರು ವರ್ಷಗಳಲ್ಲಿ ಲಕ್ಷಾಂತರ ಜನ ಸತ್ತ ಬಳಿಕ ಗಡಿ ಬಂದು ನಿಂತದ್ದು ಹೆಚ್ಚು ಕಡಿಮೆ 38ನೇ ಅಕ್ಷಾಂಶದ ಬಳಿಯೇ. ಕೈದಿಗಳ ಹೊಣೆ ಹೊರುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಆ ಕೆಲಸಕ್ಕೆ ಹೋದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಜೊತೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಅಧೀನದಲ್ಲಿ ಭಾರತೀಯ ಕಾವಲು ಪಡೆ. ಯುದ್ಧಕ್ಕೆ ಸೈನಿಕರನ್ನು ಕಳುಹಿಸದ ದೇಶದ ಸೈನಿಕರನ್ನು, ಯುದ್ಧ ನಿಂತ ಮೇಲೆ ಎರಡೂ ಪಕ್ಷಗಳು ಒಪ್ಪಿ ಕರೆಸಿಕೊಂಡಿದ್ದವು.

1953ರ ನವೆಂಬರ್ 30ರಂದು ನರಸಿಂಗ ರಾಯರು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 66 ವರ್ಷ. ಹೇಗ್ ನ್ಯಾಯಾಲಯದಲ್ಲಿ ಅವರು ಕುಳಿತದ್ದು ಎರಡು ವರ್ಷಕ್ಕೂ ಕಡಿಮೆ. ಅವರ ಬರಹಗಳನ್ನು ತಮ್ಮ ಶಿವರಾಯರು ಸಂಪಾದಿಸಿ 1960ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. 1988ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿಯೊಂದನ್ನು ಬಿಡುಗಡೆ ಮಾಡಿತು. ಅವರು ಕೊನೆಯುಸಿರೆಳೆದ ಆ ದಿನಗಳಲ್ಲಿ ಪಾನ್‌ಮುಂಜೋಮ್‌ನ ಮುಳ್ಳುತಂತಿಯ ಶಿಬಿರಗಳಲ್ಲಿ ತಿಮ್ಮಯ್ಯನವರು, ಊರಿಗೆ ಹೋಗಲು ಒಲ್ಲೆನೆಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತು ಕುಳಿತಿದ್ದರು.